ಡಾಕ್ಟರಮ್ಮನ ಮೇಲಿನ ಹೊಟ್ಟೆಕಿಚ್ಚು

ಗಂಡಸಿಗೆ ಇನ್ನೊಬ್ಬ ಗಂಡಸಿನ ಮೇಲೆ ಹೊಟ್ಟೆಕಿಚ್ಚಾದರೆ ಊರು ಅರ್ಥ ಮಾಡಿಕೊಳ್ಳುತ್ತದೆ. ಪಳನಿಗೆ ಆದದ್ದು ಸೇಲಂನ ಒಬ್ಬ ಹೆಂಗಸಿನ ಮೇಲೆ, ಅದೂ ಹೆಂಡತಿಗೆ ಮದ್ದು ಕೊಡುವ ಡಾಕ್ಟರಮ್ಮನ ಮೇಲೆ. ಯಾರ ಹತ್ತಿರ ಹೇಳಿಕೊಳ್ಳುವುದು?

ಪಳನಿ ತಮಿಳುನಾಡಿನ ಹರೂರು ಕಡೆಯ ಹಳ್ಳಿಯವನು, ಮನೆಮಾತು ಕನ್ನಡ. ಮರಗೆಣಸನ್ನು ಸಾಬಕ್ಕಿ ಮಿಲ್ಲಿಗೆ ಸಾಗಿಸುವ ಟೆಂಪೋ ಓಡಿಸುತ್ತಾನೆ. ಕಲ್ಲಿನಂಥ ಮೈ, ಜ್ವರ ಎಂದು ಒಂದು ದಿನವೂ ಮಲಗಿದವನಲ್ಲ. ಮದುವೆಯಾಗಿ ಐದು ವರ್ಷವಾದರೂ ಮಕ್ಕಳಾಗದಿದ್ದಾಗ ಮನೆಯವರೆಲ್ಲ ಅವನ ಹೆಂಡತಿ ಮೇನಕಾಳ ಕಡೆ ತಿರುಗಿದರು. ಅವಳ ಮುಟ್ಟಿಗೂ ನೆಟ್ಟಗೊಂದು ಹೊತ್ತುಗೊತ್ತು ಇರಲಿಲ್ಲ. ಹಾಗಾಗಿ ಇಬ್ಬರೂ ತಿಂಗಳಿಗೊಮ್ಮೆ ಸೇಲಂ ಬಸ್ಸು ಹತ್ತಿ ಹಾರ್ಮೋನ್ ಡಾಕ್ಟರ್ ಶಾಲಿನಿಯವರ ಬಳಿಗೆ ಹೋಗುವುದು ಶುರುವಾಯಿತು. ಗಂಡನಿಗೂ ಒಂದು ಪರೀಕ್ಷೆ ಆಗಬೇಕೆಂದು ಡಾಕ್ಟರ್ ಮೊದಲ ದಿನವೇ ಹೇಳಿದ್ದರು. "ಆಮೇಲೆ ನೋಡಾಣ" ಎಂದು ಪಳನಿ ಜಾರಿಕೊಂಡಿದ್ದ.

ಅಂದಿನಿಂದ ಮನೆಯಲ್ಲಿ ಡಾಕ್ಟರಮ್ಮನದೇ ಜಪ. ಕೆರೆ ಏರಿಯ ಮೇಲೆ ನಾಲ್ಕು ಹೆಜ್ಜೆ ನಡೆಯೋಣ ಬಾ ಎಂದು ಪಳನಿ ಕರೆದರೆ ಕಾಲುನೋವು ಎನ್ನುತ್ತಿದ್ದವಳು, ಡಾಕ್ಟರ್ ಹೇಳಿದರೆಂದು ಬೆಳ್ಳಂಬೆಳಗ್ಗೆ ಒಬ್ಬಳೇ ಹೊರಟಳು. ಮಿದುಳು ಅಂಡಾಶಯಕ್ಕೆ ಹೇಗೆ ಹೇಳಿಕಳಿಸುತ್ತದೆ ಎಂದು ಡಾಕ್ಟರ್ ಪೆನ್ನಿನಲ್ಲಿ ಗೀಚಿಕೊಟ್ಟ ಚಿತ್ರವನ್ನು ಅಡುಗೆಮನೆ ಗೋಡೆಗೆ ಅಂಟಿಸಿದಳು. ಮಾವಿನಕಾಯಿಯಂಥ ತಲೆ, ಕೆಳಗೆ ಎರಡು ಅವರೆಕಾಳು. ಅದು ಕಣ್ಣಿಗೆ ಬಿದ್ದಾಗಲೆಲ್ಲ ಪಳನಿಗೆ ಮೈ ಉರಿಯುತ್ತಿತ್ತು.

ಎಲ್ಲಕ್ಕಿಂತ ಹೆಚ್ಚು ಸುಟ್ಟದ್ದು ಆ ನಗು. ತನ್ನೊಡನೆ ಹೂಂ, ಉಹೂಂ ಬಿಟ್ಟು ಮಾತಾಡದವಳು ಆಸ್ಪತ್ರೆಯಲ್ಲಿ ಪರದೆಯ ಆಚೆ ಡಾಕ್ಟರ ಜೊತೆ ಕಿಲಕಿಲ ನಗುತ್ತಿದ್ದಳು. ಏನೆಂದು ಕೇಳಿದರೆ "ಎಂಗುಸ್ರ ಮಾತು ನಿಮಗ್ಯಾಕೆ" ಅನ್ನುತ್ತಿದ್ದಳು. ನನ್ನ ಬಗ್ಗೆಯೇ ನಗುತ್ತಾರೆ ಎಂದು ಪಳನಿ ತೀರ್ಮಾನಿಸಿಬಿಟ್ಟ.

ಈ ತಿಂಗಳು ತಡೆಯಲಾಗಲಿಲ್ಲ. "ಉಳ್ಳೆ ಪೋಗಕ್ಕೂಡಾದು" ಎಂದು ತಮಿಳಿನಲ್ಲಿ ಕೂಗಿ ನರ್ಸ್ ಒಳಗೆ ಬಿಡದೆ ಅಡ್ಡ ಬಂದರೂ ಪರದೆ ಸರಿಸಿ ನುಗ್ಗಿದ.

"ಅದೇನ್ ಗುಟ್ಟು ನಿಮ್ಮಿಬ್ರದು? ನಂಗೂ ಯೋಳಿ ಡಾಕ್ಟ್ರೇ!"

ಶಾಲಿನಿ ಸಿಟ್ಟಾಗಲಿಲ್ಲ. ಮೇನಕಾಳತ್ತ ತಿರುಗಿ ಅವರದೇ ಕನ್ನಡದಲ್ಲಿ "ಯೋಳ್ಬಿಡ್ಲಾ?" ಎಂದರು. ಅವಳು ತಲೆ ತಗ್ಗಿಸಿ ಹೂಂ ಎಂದಳು.

"ಇವ್ಳ ಹಾರ್ಮೋನೆಲ್ಲ ಸರಿಹೋಗಿ ನಾಕು ತಿಂಗ್ಳಾಯ್ತು ಪಳನಿ. ನಾನೀಗ ಕೊಡ್ತಾ ಇರೋದು ಬರೀ ವಿಟಮಿನ್ ಮಾತ್ರೆ. ಬರ್ಬೇಡ ಅಂದ್ರೂ ಬತ್ತಾಳೆ."

ಪಳನಿ ಹೆಂಡತಿಯ ಮುಖ ನೋಡಿದ. "ಮತ್ಯಾಕೆ ಬತ್ತೀಯಾ?"

ಮೇನಕಾ ಸೆರಗಿನ ತುದಿ ಹಿಂಡಿದಳು. "ನಾನು ಬರೋದು ನಿಲ್ಸಿದ್ರೆ ಅತ್ತೆ ಆಮೇಲೆ ಕೊರತೆ ನಿಮ್ದಾ ಅಂತ ನಿಮ್ಮನ್ನ ಕೇಳ್ತಾರಲ್ಲ."

ಪಳನಿ ಅವಳ ಪಕ್ಕದ ಸ್ಟೂಲಿನ ಮೇಲೆ ಕುಳಿತ. ಆದರೂ ಹಾಳು ಹೊಟ್ಟೆಕಿಚ್ಚು ಅಷ್ಟು ಸುಲಭಕ್ಕೆ ಹೋಗಬೇಕಲ್ಲ! "ಇದ್ನ ನನ್ನತ್ರ ಬಿಟ್ಟು ಅವ್ರತ್ರ ಯಾಕ್ ಯೋಳ್ದೆ?"

"ಅವ್ರು ಕೇಳಿದ್ರು" ಎಂದಳು.

ತನ್ನ ಪರೀಕ್ಷೆಯ ಚೀಟಿಯನ್ನು ಅವನೇ ಕೇಳಿ ಬರೆಸಿಕೊಂಡ. ಇಬ್ಬರೂ ಯಾಕೆ ನಗುತ್ತಿದ್ದರೆಂದು ಕೇಳುವುದು ಮರೆತೇಹೋಯಿತು.

ಲ್ಯಾಬಿನ ಮುಂದೆ ಕೂತಿದ್ದಾಗ ಮೇನಕಾಳ ಫೋನು ಬಡಿದುಕೊಂಡಿತು. ಪಳನಿಯ ತಾಯಿ ಮಾರಿಯಮ್ಮ. ಪ್ರತಿ ಸಲವೂ ಆಸ್ಪತ್ರೆಯಿಂದ ಹೊರಬೀಳುವ ಮೊದಲೇ ಬರುವ ಕರೆ ಅದು. ಮೇನಕಾ ಎತ್ತಿಕೊಳ್ಳುವಷ್ಟರಲ್ಲಿ ಪಳನಿ ಕಿತ್ತುಕೊಂಡ.

"ಏನಂದ್ರಮ್ಮ ಡಾಕ್ಟ್ರು? ಈ ಸಲಾನೂ ಅದೇ ಕತೇನಾ?" ಎಂದಳು ತಾಯಿ, ಸೊಸೆಯೇ ಎಂದುಕೊಂಡು.

"ಅವ್ಳಿಗೆ ಏನೂ ಇಲ್ಲ ಕಣಮ್ಮ, ಚೆನ್ನಾಗವ್ಳೆ" ಎಂದ ಪಳನಿ. "ಇವತ್ತು ತೋರಿಸ್ಕೊಳ್ಳೋಕ್ ಬಂದಿರೋನು ನಾನು."