ಐಸಮ್ಮನ ಕಾವಲು

ವಿಟ್ಲದ ಹತ್ತಿರ ಐಸಮ್ಮ ಮೂವತ್ತು ವರ್ಷ ಬೀಡಿ ಕಟ್ಟಿ ಬದುಕಿದವಳು. ಗಂಡ ತೀರಿಹೋದ ಮೇಲೆ ಮಗ ಅಬ್ದುಲ್ ನಾಸಿರನನ್ನು ಸಾಕಿದ್ದೂ ಅದರಲ್ಲೇ. ಅವಳ ಬಾಯಿಂದ ಒಂದು ಮುದ್ದಿನ ಮಾತು ಬಂದದ್ದನ್ನು ನೆರೆಯವರು ಯಾರೂ ಕೇಳಿದವರಲ್ಲ. ಮಗ ಗಲ್ಫಿನ ದಮ್ಮಾಮಿಗೆ ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಅವಳು, ಸೊಸೆ ಸಾಲಿಹಾ, ಇಬ್ಬರೇ.

ಕಳೆದ ವರ್ಷ ಒಂದು ಬೆಳಿಗ್ಗೆ ರಾಟೆ ಗರಗರನೆ ತಿರುಗಿದ ಸದ್ದಿಗೆ ಐಸಮ್ಮ ತಲೆ ಎತ್ತಿದಳು. ಬಾವಿಕಟ್ಟೆಯ ಮೇಲೆ ಸಾಲಿಹಾ ಅರ್ಧ ಒಳಕ್ಕೆ ಬಾಗಿ ಬಿದ್ದು ಕೈಕಾಲು ಅದುರಿಸುತ್ತಿದ್ದಳು. ಐಸಮ್ಮ ಮಡಿಲಿನಲ್ಲಿದ್ದ, ಬೀಡಿಯ ಎಲೆ, ಹೊಗೆಸೊಪ್ಪು ತುಂಬಿದ ತಡ್ಪೆ ಎಸೆದು ಓಡಿಹೋಗಿ, ಸೊಂಟ ಹಿಡಿದು ಈಚೆಗೆ ಎಳೆದುಹಾಕಿದಳು.

“ಇದು ಫಿಟ್ಸ್. ಮಾತ್ರೆ ಒಂದು ದಿನವೂ ತಪ್ಪಬಾರದು. ನೀರು, ಬೆಂಕಿಯ ಹತ್ತಿರ ಒಬ್ಬಳನ್ನೇ ಬಿಡಬೇಡಿ,” ಎಂದರು ಮಂಗಳೂರಿನ ಡಾಕ್ಟರು.

ಅಂದಿನಿಂದ ಐಸಮ್ಮನಿಗೆ ಹೆದರಿಕೆ ಹಿಡಿಯಿತು. ಅಡುಗೆಮನೆಯಲ್ಲಿ ಸೌಟು ಬಿದ್ದರೆ ಎದೆ ಧಸಕ್ಕೆನ್ನುತ್ತಿತ್ತು. ಸದ್ದೇ ಇಲ್ಲದಿದ್ದರೆ ಇನ್ನೂ ಹೆಚ್ಚು. ಬಾವಿಗೆ ಕಬ್ಬಿಣದ ಬಲೆ ಹಾಕಿಸಿದಳು. ಬಚ್ಚಲಿನ ಒಳಚಿಲಕವನ್ನು ತಾನೇ ಕಿತ್ತು ತೆಗೆದಳು. ಸೊಸೆ ಸ್ನಾನಕ್ಕೆ ಹೋದರೆ ಬಾಗಿಲ ಹೊರಗೇ ಕುಳಿತು, “ಆಯ್ತಾ? ಆಯ್ತಾ?” ಎಂದು ಗದರುತ್ತಿದ್ದಳು.

ಸಾಲಿಹಾ ಫೋನಿನಲ್ಲಿ ಗಂಡನ ಹತ್ತಿರ ಅತ್ತಳು. “ನಿಮ್ಮ ಉಮ್ಮ ನನ್ನನ್ನು ಕಳ್ಳಿಯನ್ನು ಕಾದ ಹಾಗೆ ಕಾಯ್ತಾರೆ.”

ಅದು ಐಸಮ್ಮನ ಕಿವಿಗೂ ಬಿತ್ತು. ‘ನನಗೆ ಹೆದರಿಕೆ ಆಗ್ತದೆ’ ಎನ್ನಬೇಕೆಂದು ಒಳಗೆ ಹೋದಳು. ಬಾಯಿಂದ ಬಂದದ್ದು ಬೇರೆಯೇ: “ಅನ್ನ ತಣಿಯಿತು. ತಿನ್ನುವುದಾದರೆ ತಿನ್ನು.”

ಮರುದಿನದಿಂದ ಸಾಲಿಹಾ ಮಾತು ಬಿಟ್ಟಳು. ಶುಕ್ರವಾರ ಸ್ನಾನಕ್ಕೆ ಹೋದಾಗ ಐಸಮ್ಮ, “ಆಯ್ತಾ?” ಎಂದಳು. ಉತ್ತರವಿಲ್ಲ. ಸಿಟ್ಟಿರಬೇಕು, ಇನ್ನೊಮ್ಮೆ ಕೇಳಿದರೆ ಮತ್ತೆ ಅತ್ತಾಳು ಎಂದು ಸುಮ್ಮನಾದಳು. ಒಳಗೆ ನೀರು ಬೀಳುತ್ತಲೇ ಇತ್ತು. ಬಕೆಟು ತುಂಬಿ ಚೆಲ್ಲುವ ಸದ್ದು. ಯಾರೂ ನಲ್ಲಿ ನಿಲ್ಲಿಸುತ್ತಿಲ್ಲ.

“ಸಾಲಿಹಾ!”

ಬಾಗಿಲು ತಳ್ಳಿದರೆ ಒಂದು ಗೇಣು ಸರಿದು ನಿಂತಿತು. ಅಡ್ಡ ಬಿದ್ದದ್ದು ಹುಡುಗಿಯ ಮೈಯೇ. ಮುಖ ನೆಲದಲ್ಲಿ ನಿಂತ ನೀರಿನ ಕಡೆಗಿತ್ತು. ಐಸಮ್ಮ ಆ ಸಂದಿಯಲ್ಲೇ ಮೈ ತುರುಕಿದಳು. ಭುಜದ ಚರ್ಮ ಕಿತ್ತುಬಂತು. ಹುಡುಗಿಯನ್ನು ಮಗ್ಗುಲಾಗಿ ತಿರುಗಿಸಿ, ತಲೆಯನ್ನು ತೊಡೆಯ ಮೇಲಿಟ್ಟು, “ಯಾ ಅಲ್ಲಾಹ್, ಉಸಿರು ಕೊಡು, ಉಸಿರು ಕೊಡು,” ಎನ್ನುತ್ತ ಕುಳಿತಳು. ಅಷ್ಟು ಉದ್ದದ ಎರಡು ನಿಮಿಷವನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ.

ಸಾಲಿಹಾ ಕಣ್ಣು ಬಿಟ್ಟಾಗ ತೊಯ್ದು ತೊಪ್ಪೆಯಾಗಿದ್ದ ಮುದುಕಿಯ ಭುಜದಿಂದ ರಕ್ತ ಇಳಿಯುತ್ತಿತ್ತು.

“ಮಾಮಿ, ಏನಾಯ್ತು?”

“ಏನಿಲ್ಲ. ಮಾತ್ರೆ ತೆಗೆದುಕೊಂಡದ್ದಾ?”

ಸಾಲಿಹಾ ತಲೆ ತಗ್ಗಿಸಿದಳು. ಸಿಟ್ಟಿನಲ್ಲಿ ಎರಡು ದಿನ ಮುಟ್ಟಿರಲಿಲ್ಲ. ಬೈಗುಳಕ್ಕೆ ಕಾದಳು. ಬೈಗುಳ ಬರಲಿಲ್ಲ. ಟವೆಲು ಹಿಡಿದ ಮಾಮಿಯ ಕೈ ಎಷ್ಟು ನಡುಗುತ್ತಿತ್ತೆಂದರೆ, ತಲೆ ಒರೆಸಲೂ ಆಗುತ್ತಿರಲಿಲ್ಲ. ಸಾಲಿಹಾ ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಈಗ ಎಂಟು ತಿಂಗಳಾಯಿತು, ಫಿಟ್ಸ್ ಮತ್ತೆ ಬಂದಿಲ್ಲ. ಸಾಲಿಹಾ ದಿನಾ ಬಸ್ಸಿನಲ್ಲಿ ವಿಟ್ಲಕ್ಕೆ ಹೋಗಿ ಹೊಲಿಗೆ ಕಲಿಯುತ್ತಿದ್ದಾಳೆ. “ಪೇಟೆಯಲ್ಲಿ ಮೀನು ನೋಡಲಿಕ್ಕುಂಟು,” ಎಂದು ಐಸಮ್ಮನೂ ಅದೇ ಬಸ್ಸಿಗೆ ಹೊರಡುತ್ತಾಳೆ. ಮೀನಿನವನು ದಿನಾ ಮನೆಯಂಗಳಕ್ಕೇ ಬರುತ್ತಾನೆ. ಸಾಲಿಹಾ ಆ ಮಾತನ್ನು ಎತ್ತುವುದಿಲ್ಲ. ಮೊದಲು ಹತ್ತಿ, ಪಕ್ಕದ ಸೀಟಿನ ಮೇಲೆ ಚೀಲ ಇಟ್ಟು ಕಾಯುತ್ತಾಳೆ. ಮಂಡಿನೋವಿನ ಐಸಮ್ಮ ನಿಧಾನ ಹತ್ತಿ ಬಂದು ಕುಳಿತುಕೊಳ್ಳುತ್ತಾಳೆ. ಬಸ್ಸು ಬ್ರೇಕು ಹಾಕಿದಾಗಲೆಲ್ಲ ಅವಳ ಕೈ ಸೊಸೆಯ ಮಣಿಕಟ್ಟಿಗೆ ಹೋಗುತ್ತದೆ. ಸಾಲಿಹಾ ಅದನ್ನು ಬಿಡಿಸಿಕೊಳ್ಳುವುದಿಲ್ಲ.