ಸೊಹಾರ್‌ನಲ್ಲಿ ಎಸೆಯದ ಚೆಂಡು

ಮಂಗಳೂರಿನಿಂದ ಮಸ್ಕತ್‌ಗೆ ಮೂರೂವರೆ ಗಂಟೆಯ ಹಾರಾಟ. ಡಿಸೆಂಬರ್ ಮೊದಲ ವಾರ, ಟಿಕೆಟ್‌ಗೆ ಹದಿನಾರು ಸಾವಿರ ಚಿಲ್ಲರೆ. ಅಷ್ಟು ಕೊಟ್ಟರೂ ವಿಮಾನದಲ್ಲಿ ಪುಕ್ಕಟೆ ಸಿಕ್ಕಿದ್ದು ಒಂದು ಸಣ್ಣ ಬಾಟಲಿ ನೀರು. ನನ್ನ ಪೆಟ್ಟಿಗೆಯಲ್ಲಿ ತಂಗಿ ಶೈಲ ಫೋನಿನಲ್ಲಿ ಹೇಳಿದ ಸಾಮಾನುಗಳಿದ್ದವು: ಕುಚ್ಚಲಕ್ಕಿ, ಹಪ್ಪಳ, ಒಣಸೀಗಡಿ, ಜೊತೆಗೆ ನಮ್ಮ ಮೂಲ್ಕಿಯ ಪಂಡಿತರು ಕಾಯಿಸಿಕೊಡುವ ನೋವಿನ ಎಣ್ಣೆ, ಎರಡು ಬಾಟಲಿ. ಎಣ್ಣೆ ಅವಳ ಗಂಡ ವಿಶ್ವನಾಥನ ಸೊಂಟನೋವಿಗಂತೆ. ಮಸ್ಕತ್‌ನ ಕಸ್ಟಮ್ಸ್‌ನವನು ಬಾಟಲಿಯ ಮುಚ್ಚಳ ತೆಗೆದು ಮೂಸಿ ಮುಖ ಕಿವಿಚಿದ. ನಾನು ಸೊಂಟ ಹಿಡಿದು ತೋರಿಸಿದೆ. ನಕ್ಕು "ಯಲ್ಲಾ" ಎಂದು ಬಿಟ್ಟುಬಿಟ್ಟ. ಇಷ್ಟು ಸುಲಭವಾಗಿ ಯಾಕೆ ಬಿಟ್ಟ ಎಂಬ ಸಂಶಯ ನನಗೆ ಪಾರ್ಕಿಂಗ್ ತನಕ ಇತ್ತು.

ಸಂಶಯ ನನ್ನ ಹುಟ್ಟುಗುಣವಲ್ಲ, ವೃತ್ತಿಯಿಂದ ಬಂದ ರೋಗ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿದ್ದೆ, ಥ್ರೋಬಾಲ್ ತಂಡ ಕಟ್ಟಿದ್ದೆ. ಎಂಟನೇ ಕ್ಲಾಸಿನ ಪಂದ್ಯಕ್ಕೆ ಪಿಯುಸಿ ಹುಡುಗಿಯರನ್ನು ಜಡೆ ಹಾಕಿಸಿ ಕರೆತರುತ್ತಿದ್ದ ಶಾಲೆಗಳನ್ನು ಕಂಡಿದ್ದೇನೆ. ಅವರ ಹಲ್ಲು ನೋಡಿ ವಯಸ್ಸು ಹೇಳಿ, ರೆಫರಿಯೊಡನೆ ಜಗಳ ಮಾಡಿ, ಗೆದ್ದೂ ಇದ್ದೇನೆ. ಅದಕ್ಕೇ ಶೈಲ ನನ್ನನ್ನು ಕರೆಸಿದ್ದು. "ಅಕ್ಕ, ನೀನೊಮ್ಮೆ ಬಂದು ನೋಡು. ನಿನ್ನ ಕಣ್ಣಿಗೆ ಎಂತದ್ದೂ ತಪ್ಪುವುದಿಲ್ಲ" ಎಂದಿದ್ದಳು. ಹೊಗಳಿಕೆ ಕೇಳಿ ಉಬ್ಬಿ ಹೊರಟುಬಂದೆ.

ಸಂಗತಿ ಇಷ್ಟು. ಶೈಲಳ ಮಗ ನಿಶಾಂತ್‌ಗೆ ಹದಿನಾರು ತುಂಬಿ ಕೆಲವು ತಿಂಗಳಾಗಿದೆ. ಇಲ್ಲಿನ ಇಂಡಿಯನ್ ಸ್ಕೂಲಿನಲ್ಲಿ ಹನ್ನೊಂದನೇ ಕ್ಲಾಸು. ಕ್ರಿಕೆಟ್‌ನಲ್ಲಿ ವೇಗದ ಬೌಲರ್. ಅವನ ಕೈಯ ವೇಗ ನೋಡಿ ಅಮೆರಿಕದ ಒಂದು ಬೇಸ್‌ಬಾಲ್ ತಂಡದವರು ಅವನನ್ನು ತೆಗೆದುಕೊಳ್ಳುವ ಮಾತಾಡಿದ್ದಾರೆ. ತೆಗೆದುಕೊಂಡರೆ ಅವನು ಶಾಲೆ ಬಿಟ್ಟು, ಬೇರೆ ದೇಶದಲ್ಲಿರುವ ಅವರ ತರಬೇತಿ ಶಿಬಿರಕ್ಕೆ ಹೋಗಬೇಕು. ಅಮೆರಿಕದವನಿಗೆ ಒಮಾನ್‌ನ ಮರಳಿನಲ್ಲಿ ತುಳು ಹುಡುಗ ಯಾಕೆ ಬೇಕಾದ? ವಿಮಾನ ನಿಲ್ದಾಣದಿಂದ ಸೀಬ್‌ನ ಮನೆಗೆ ಹೋಗುವ ಹತ್ತೇ ನಿಮಿಷದ ದಾರಿಯಲ್ಲಿ ನಾನು ವಿಶ್ವನಾಥನಿಗೆ ಕೇಳಿದ ಮೊದಲ ಪ್ರಶ್ನೆ ಅದು. (ಮನೆಯಲ್ಲಿ ನಾವು ಆಡುವುದು ತುಳು. ಓದುವವರಿಗಾಗಿ ಕನ್ನಡದಲ್ಲಿ ಬರೆದಿದ್ದೇನೆ.)

"ಅದಕ್ಕೆ ಕಾರಣ ಉಂಟಕ್ಕ," ಎಂದ ವಿಶ್ವನಾಥ. "ಹೊರದೇಶದ ಮಕ್ಕಳಿಗೆ ಒಂದು ತಂಡ ವರ್ಷಕ್ಕೆ ಇಂತಿಷ್ಟೇ ಖರ್ಚು ಮಾಡ್ಬೇಕು ಅಂತ ಲಿಮಿಟ್ ಉಂಟು. ದೊಡ್ಡ ಹೆಸರಿನ ಹುಡುಗರಿಗೆ ಕೊಟ್ಟು ಅದರಲ್ಲಿ ಹೆಚ್ಚಿನದು ಮುಗೀತದೆ. ಉಳಿದ ಚೂರಿನಲ್ಲಿ, ಯಾರೂ ಹುಡುಕದ ಜಾಗದಲ್ಲಿ ಒಳ್ಳೆ ಕೈ ಸಿಗ್ತದಾ ಅಂತ ನೋಡ್ತಾರೆ."

"ಅಂದ್ರೆ ನಮ್ಮವನು ಸಂತೆಯ ಕೊನೆಗೆ ಸಿಗುವ ಅಗ್ಗದ ಮೀನು."

ಅವನು ನಗಲಿಲ್ಲ. ಈ ತಿಂಗಳ ನಡುವಿಗೆ ಈ ವರ್ಷದ ಲೆಕ್ಕ ಮುಚ್ಚುತ್ತದೆ, ಉಳಿದ ಹಣ ಆಮೇಲೆ ತಂಡಕ್ಕೂ ಇಲ್ಲ ಯಾರಿಗೂ ಇಲ್ಲ, ಆದ್ದರಿಂದ ಶುಕ್ರವಾರ ಸೊಹಾರ್‌ನಲ್ಲಿ ಕೊನೆಯ ಪರೀಕ್ಷೆ ಎಂದ. ಅವಸರ ಮಾಡುವವರ ಮೇಲೆ ನನಗೆ ಮೊದಲಿನಿಂದಲೂ ನಂಬಿಕೆ ಇಲ್ಲ. ಗಡಿಬಿಡಿಯಲ್ಲಿ ಸೀರೆ ತೋರಿಸುವ ಅಂಗಡಿಯವನು ಹರಿದದ್ದನ್ನೇ ಮಡಚಿ ಕೊಡುವುದು.

ಮರುದಿನ ಬರ್ಕಾಕ್ಕೆ ಹೋದೆವು. ಸೀಬ್‌ನಿಂದ ಅರ್ಧ ಗಂಟೆಯ ದಾರಿ. ಒಂದು ಕಡೆ ಖರ್ಜೂರದ ತೋಟ, ಇನ್ನೊಂದು ಕಡೆ ಟಯರ್ ಅಂಗಡಿ. ಹವೆ ಹಿತವಾಗಿತ್ತು, ಬೇಸಿಗೆಯಲ್ಲಿ ಇದೇ ರಸ್ತೆಯಲ್ಲಿ ಚಪ್ಪಲಿ ಅಂಟಿಕೊಳ್ಳುತ್ತದಂತೆ. ಅಲ್ಲಿ ಫರಂಗಿಪೇಟೆಯ ಹಮೀದ್ ಎಂಬವರ ಆಟದ ಮೈದಾನವಿದೆ. ಮಸಾಲೆ ಸಾಮಾನಿನ ವ್ಯಾಪಾರದ ಜೊತೆಗೆ ಇದನ್ನೂ ನಡೆಸುತ್ತಾರೆ. ನಿಶಾಂತ್‌ನನ್ನು ತಂಡದವರಿಗೆ ತೋರಿಸಿದ್ದು ಅವರೇ. ದಲ್ಲಾಳಿ ಸಿಕ್ಕಿದ ಎಂದುಕೊಂಡು, ಕುಳಿತುಕೊಳ್ಳುವ ಮೊದಲೇ ಕೇಳಿದೆ.

"ಇದರಲ್ಲಿ ನಿಮಗೆಷ್ಟು ಬರ್ತದೆ?"

"ಪಾಲು ಉಂಟು ಟೀಚರೇ, ಸುಳ್ಳು ಯಾಕೆ ಹೇಳ್ಲಿ," ಎಂದರು ಹಮೀದ್. "ಎರಡು ವರ್ಷ ಮೈದಾನ ಬಿಟ್ಟಿ ಕೊಟ್ಟಿದ್ದೇನೆ, ಚೆಂಡು ತರಿಸಿದ್ದೇನೆ. ಹುಡುಗ ಹೋದ್ರೆ ಬರ್ತದೆ, ಹೋಗದಿದ್ರೆ ಇಲ್ಲ. ನೀವು ಮೊದಲು ಚಾ ಕುಡೀರಿ."

ಇಷ್ಟು ನೇರವಾಗಿ ಒಪ್ಪಿಕೊಳ್ಳುವವರು ಇನ್ನೂ ದೊಡ್ಡದೇನನ್ನೋ ಬಚ್ಚಿಡುತ್ತಾರೆ ಎಂದು ನನ್ನ ಮನಸ್ಸು ಹೇಳಿತು. ಚಾ ಮಾತ್ರ ಚೆನ್ನಾಗಿತ್ತು.

ನಿಶಾಂತ್ ಎಸೆಯುವುದನ್ನು ಅಲ್ಲೇ ಮೊದಲು ನೋಡಿದೆ. ಕಾಲೆತ್ತಿ, ಮೈ ತಿರುಗಿಸಿ, ಕೈಯನ್ನು ಕಿವಿಯ ಹಿಂದಿನಿಂದ ತಂದ. ಚೆಂಡು ಹೋದದ್ದು ಕಾಣಲಿಲ್ಲ, ಹಿಡಿಯುವವನ ಗ್ಲೌಸಿನಲ್ಲಿ ಸದ್ದಾಯಿತು. ಎಷ್ಟು ಮಕ್ಕಳಿಗೆ ಎಸೆಯಲು ಕಲಿಸಿದ್ದೇನೆ, ಇಂಥ ಕೈ ಒಂದೂ ಸಿಕ್ಕಿರಲಿಲ್ಲ. ನಾಲ್ಕೈದು ಸಲ ಎಸೆದು ಅವನು ನಿಲ್ಲಿಸಿಬಿಟ್ಟ. ಶುಕ್ರವಾರಕ್ಕೆ ಕೈ ಉಳಿಸಿಕೊಳ್ಳುತ್ತಿದ್ದಾನೆ ಎಂದರು ಹಮೀದ್. ಮಧ್ಯಾಹ್ನ ಪಕ್ಕದ ಹೋಟೆಲಿನಲ್ಲಿ ಹುರಿದ ಅಂಜಲ್ ಮೀನು, ಅನ್ನ, ತಲೆಗೆ ಎರಡು ರಿಯಾಲ್. ನಿಶಾಂತ್ ಎಡಗೈಯಲ್ಲಿ ಚಮಚ ಹಿಡಿದು ತಿಂದ. ಈಗಿನ ಮಕ್ಕಳ ಫ್ಯಾಶನ್ ಎಂದುಕೊಂಡೆ. ನನ್ನ ಕಣ್ಣು ಆಗ ಹಮೀದ್ ಮೇಲಿತ್ತು, ಅವರು ಫೋನ್ ಬಂದಾಗಲೆಲ್ಲ ಎದ್ದು ಹೊರಗೆ ಹೋಗುತ್ತಿದ್ದರು.

ಗುರುವಾರ ಬೆಳಿಗ್ಗೆ ಸೀಬ್‌ನ ಮನೆಯಲ್ಲಿ ವಿಶ್ವನಾಥ ಕುಡಿಯುವ ನೀರಿನ ದೊಡ್ಡ ಕ್ಯಾನನ್ನು ಒಂದೇ ಉಸಿರಿಗೆ ಹೆಗಲಿಗೆತ್ತಿ ಸ್ಟ್ಯಾಂಡಿನ ಮೇಲೆ ಮಗುಚಿ ಇಟ್ಟ.

"ಮೆಲ್ಲ ಮಾರಾಯ, ಸೊಂಟ!" ಎಂದೆ.

"ನನ್ನ ಸೊಂಟಕ್ಕೆ ಎಂತ ಆಗಿದೆ ಅಕ್ಕ?" ಎಂದು ಕೇಳಿದ.

ಅಡುಗೆಮನೆಯಲ್ಲಿ ಶೈಲ ನಲ್ಲಿಯನ್ನು ದೊಡ್ಡದಾಗಿ ಬಿಟ್ಟಳು. ಮಂಚದ ಹಾಸಿಗೆ ಸರಿಮಾಡುವ ನೆವದಲ್ಲಿ ನಿಶಾಂತ್‌ನ ಕೋಣೆಗೆ ಹೋದೆ. ದಿಂಬಿನ ಬಲಬದಿಯಲ್ಲಿ ಅಂಗೈಯಗಲದ ಎಣ್ಣೆಯ ಕಲೆಯಿತ್ತು. ಮೂಲ್ಕಿಯ ಪಂಡಿತರ ಮನೆಯ ಜಗಲಿಯ ವಾಸನೆ. ಅಮೆರಿಕದವನು ಮೋಸಗಾರನೋ, ಹಮೀದ್ ಮೋಸಗಾರನೋ ಎಂದು ಪತ್ತೆ ಮಾಡಲು ಸಮುದ್ರ ದಾಟಿ ಬಂದವಳಿಗೆ ದೀಪದ ಬುಡದ ಕತ್ತಲೆ ಕಂಡಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಹಮೀದರ ದೊಡ್ಡ ಕಾರಿನಲ್ಲಿ ಸೊಹಾರ್‌ಗೆ ಹೊರಟೆವು. ಕಡಲಿಗೆ ಸಮಾನಾಂತರವಾಗಿ ಎರಡು ಗಂಟೆಯ ಚಪ್ಪಟೆ ದಾರಿ. ಕಡಲು ಪಕ್ಕದಲ್ಲೇ ಇದ್ದರೂ ಕಾಣುವುದಿಲ್ಲ, ಕಾಣುವುದು ಪೆಟ್ರೋಲ್ ಬಂಕು, ಮಸೀದಿ, ಮತ್ತೆ ಪೆಟ್ರೋಲ್ ಬಂಕು. ಶೈಲ ದಾರಿಯುದ್ದಕ್ಕೂ ನನ್ನ ಮುಖ ತಪ್ಪಿಸಿ ಕಿಟಕಿ ನೋಡುತ್ತಿದ್ದಳು. ಸಹಮ್ ಎಂಬ ಊರು ದಾಟುವ ಮೊದಲು ಬಂಕಿನ ಪಕ್ಕ ಚಾಕ್ಕೆಂದು ನಿಲ್ಲಿಸಿದರು. ಏಲಕ್ಕಿ ಹಾಕಿದ ದಪ್ಪ ಚಾ, ನೂರು ಬೈಸಾ, ಅಂದರೆ ರಿಯಾಲಿನ ಹತ್ತರಲ್ಲೊಂದು ಪಾಲು. ನಿಶಾಂತ್ ಒಬ್ಬನೇ ಕಾರಿನ ಹಿಂದೆ ನಿಂತಿದ್ದ. ಹತ್ತಿರ ಹೋಗಿ, ಶಾಲೆಯಲ್ಲಿ ಮಕ್ಕಳಿಗೆ ಹೇಳುತ್ತಿದ್ದ ಧ್ವನಿಯಲ್ಲೇ ಹೇಳಿದೆ.

"ಬಲಗೈ ಮಡಚು. ಹೆಗಲು ಮುಟ್ಟು."

ಅವನು ಮುಟ್ಟಿದ. ಮುಟ್ಟುವಾಗ ತುಟಿ ಕಚ್ಚಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯಲ್ಲಿ ಕಳ್ಳ ತಾನಾಗಿ ಸಿಕ್ಕಿಬೀಳುತ್ತಾನೆ, ಇಲ್ಲಿ ನಾನೇ ಹಿಡಿದುಹಾಕಿದ್ದೆ. ಅವನ ಕಣ್ಣಲ್ಲಿ ನೀರಿತ್ತು.

"ಎಷ್ಟು ದಿನದಿಂದ?"

"ಒಂದು ತಿಂಗಳು. ಎಲ್ಬೋ ಒಳಗಡೆ. ದೊಡ್ಡಮ್ಮ, ಪ್ಲೀಸ್. ಟೆನ್ ಥ್ರೋಸ್ ಮಾತ್ರ. ಸೈನ್ ಆದ್ಮೇಲೆ ರೆಸ್ಟ್ ಮಾಡ್ತೇನೆ, ಪ್ರಾಮಿಸ್."

"ಮನೆಯಲ್ಲಿ ಯಾರಿಗೆ ಗೊತ್ತು?"

"ನೋಬಡಿ. ಅಮ್ಮನ ಹತ್ರ ಕ್ರಾಂಪ್ ಅಂತ ಹೇಳಿದ್ದು."

ಆಮೇಲಿನ ಅರ್ಧ ಗಂಟೆ ನಾನು ಯೋಚಿಸಿದ್ದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಹತ್ತೇ ಚೆಂಡು ತಾನೇ? ಅಷ್ಟು ದೊಡ್ಡ ತಂಡ. ಅವರ ಮಿತಿ, ಅವರ ಉಳಿಕೆ. ಹೇಗೂ ಬಿಟ್ಟರೆ ಯಾರಿಗೂ ಸಲ್ಲದ ಹಣ. ನಾಳೆ ಕೈ ಕೆಟ್ಟರೆ ಅವರ ವೈದ್ಯರೇ ನೋಡಿಕೊಳ್ಳಲಿ. ಮೋಸ ನಮ್ಮ ಕಡೆಯಿಂದಾಗುವಾಗ ಅದು ಎಷ್ಟು ಬೇಗ ನ್ಯಾಯದ ಅಂಗಿ ತೊಟ್ಟುಕೊಳ್ಳುತ್ತದೆ ಎಂದು ಆ ಅರ್ಧ ಗಂಟೆಯಲ್ಲಿ ನನಗೆ ತಿಳಿಯಿತು.

ಸೊಹಾರ್‌ನ ಒಂದು ಕಾರ್ಖಾನೆಯ ಕಾಲೊನಿಯಲ್ಲಿ, ಅಲ್ಲಿನ ಪರದೇಶದ ಎಂಜಿನಿಯರುಗಳು ಆಡಲೆಂದು ಮಾಡಿಕೊಂಡ ಬೇಸ್‌ಬಾಲ್ ಮೈದಾನವಿದೆ. ನಡುವೆ ಎಸೆಯುವವನು ನಿಲ್ಲುವ ಮಣ್ಣಿನ ದಿಬ್ಬ. ದೂರದಲ್ಲಿ ಹೊಗೆ ಕೊಳವೆಗಳು. ತಂಡದ ಪರವಾಗಿ ಬಂದಿದ್ದ ಡೇವಿಡ್ ಎಂಬಾತ ನಾನು ಎಣಿಸಿದಂತೆ ಕಪ್ಪು ಕನ್ನಡಕದ ಠಕ್ಕನಾಗಿರಲಿಲ್ಲ. ಬಿಸಿಲಿಗೆ ಮೂಗು ಸುಲಿದಿದ್ದ ಮನುಷ್ಯ. ಆದರೂ ಬಿಡಲಿಲ್ಲ, ನನ್ನ ಶಾಲೆಯ ಇಂಗ್ಲಿಷಿನಲ್ಲೇ ಕೇಳಿದೆ.

"ಇಷ್ಟು ಅವಸರ ಯಾಕೆ? ಜನವರಿಯಲ್ಲಿ ಹೊಸ ವರ್ಷದ ಹಣ ಬರುವುದಿಲ್ಲವೇ?"

"ಬರುತ್ತದೆ," ಎಂದ ಡೇವಿಡ್. "ಆದರೆ ಅದನ್ನೆಲ್ಲ ಬೇರೆ ಹುಡುಗರಿಗೆ ಆಗಲೇ ಮಾತು ಕೊಟ್ಟಾಗಿದೆ. ಕೆಲವರಿಗೆ ಹದಿಮೂರು ವಯಸ್ಸಿರುವಾಗಲೇ. ಇದು ಒಳ್ಳೆಯ ಪದ್ಧತಿ ಎಂದು ನಾನು ಹೇಳುವುದಿಲ್ಲ. ನಿಮ್ಮ ಹುಡುಗನಿಗೆ ಇರುವುದು ಈ ಉಳಿಕೆ ಮಾತ್ರ. ಅವನಲ್ಲದಿದ್ದರೆ ಇದು ನಾಳೆ ಇನ್ನೊಬ್ಬನಿಗೆ ಹೋಗುತ್ತದೆ."

ಸುಳ್ಳು ಹೇಳಿದ್ದರೆ ನನಗೆ ಸುಲಭವಾಗುತ್ತಿತ್ತು.

ವೇಗ ಅಳೆಯುವ ಯಂತ್ರ ಎತ್ತಿ ಅವನು ತಲೆಯಾಡಿಸಿದ. ನಿಶಾಂತ್ ದಿಬ್ಬ ಹತ್ತಿ ಚೆಂಡು ಹಿಡಿದ. ವಿಶ್ವನಾಥ ಫೋನಿನಲ್ಲಿ ವಿಡಿಯೊ ಶುರುಮಾಡಿದ್ದ. ನಾನು ಶೈಲಳ ಮುಖ ನೋಡಿದೆ. ಅವಳು ಮೈದಾನದ ಕಡೆ ನೋಡುತ್ತಿರಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ನಿಶಾಂತ್ ಕಾಲೆತ್ತುವ ಹೊತ್ತಿಗೆ ನಾನು ಗೆರೆ ದಾಟಿ ಒಳಗೆ ನಡೆದಿದ್ದೆ.

"ನಿಲ್ಲಿಸು," ಎಂದೆ. ಡೇವಿಡ್ ಕಡೆ ತಿರುಗಿ, "ಅವನ ಮೊಣಕೈ ನೋಯುತ್ತಿದೆ. ಒಂದು ತಿಂಗಳಾಯಿತು."

ಡೇವಿಡ್ ಯಂತ್ರ ಕೆಳಗಿಟ್ಟು, ದಿಬ್ಬಕ್ಕೆ ಹೋಗಿ, ಮೊಣಕೈಯ ಒಳಬದಿಯನ್ನು ಹೆಬ್ಬೆರಳಿನಿಂದ ಒತ್ತಿದ. ನಿಶಾಂತ್ ಕೂಗಿಕೊಂಡ. ಆ ಕೂಗಿಗೆ ವಿಶ್ವನಾಥನ ಫೋನ್ ತಾನಾಗಿ ಕೆಳಗಿಳಿಯಿತು.

"ಇವತ್ತು ಎಸೆಯುವುದು ಬೇಡ," ಎಂದ ಡೇವಿಡ್. "ಮೊದಲು ಡಾಕ್ಟರಿಗೆ ತೋರಿಸಿ. ಗುಣವಾದ ಮೇಲೆ ಫೋನ್ ಮಾಡಿ." ಈ ಕೊನೆಯ ಮಾತನ್ನು ನಾನು ಅಂದೂ ನಂಬಲಿಲ್ಲ, ಇಂದೂ ನಂಬಿಲ್ಲ.

ಹಮೀದ್ "ಖಲಾಸ್" ಎಂದು ಒಂದೇ ಮಾತು ಹೇಳಿ ಕಾರು ತರಲು ಹೋದರು. ಎರಡು ವರ್ಷದ ಶ್ರಮ ಕಣ್ಣೆದುರೇ ಹೋಗಿತ್ತು, ಆದರೂ ಅವರು ಕಾರನ್ನು ಮನೆಗೆ ಬಿಡದೆ ನೇರ ಸೀಬ್‌ನ ಒಂದು ಆಸ್ಪತ್ರೆಗೆ ಬಿಟ್ಟರು. ಸ್ಕ್ಯಾನ್ ಮುಗಿಯುವ ತನಕ ಹೊರಗಿನ ಬೆಂಚಿನಲ್ಲಿ ನನ್ನ ಪಕ್ಕ ಕುಳಿತಿದ್ದರು.

"ನಿಮ್ಮ ಮೇಲೆ ನನಗೆ ಸಂಶಯ ಇತ್ತು," ಎಂದೆ.

"ಗೊತ್ತುಂಟು ಟೀಚರೇ. ಹೋಟೆಲಲ್ಲಿ ನೀವು ಮೀನು ನೋಡಿದ್ದಕ್ಕಿಂತ ನನ್ನನ್ನು ನೋಡಿದ್ದು ಹೆಚ್ಚು."

ಮೊಣಕೈಯ ಒಳಗಿನ ಬೆಳೆಯುವ ಎಲುಬು ಬಿರುಕು ಬಿಡುವ ಹಂತದಲ್ಲಿದೆ, ಹತ್ತು ಸಲ ಜೋರಾಗಿ ಎಸೆದಿದ್ದರೆ ಕಿತ್ತುಬರುತ್ತಿತ್ತೋ ಏನೋ, ನಾಲ್ಕು ತಿಂಗಳು ಚೆಂಡು ಮುಟ್ಟಬಾರದು ಎಂದರು ಡಾಕ್ಟರು. ಅದನ್ನು ಕೇಳಿಯೂ ವಿಶ್ವನಾಥ ನನ್ನೊಡನೆ ಮಾತಾಡಲಿಲ್ಲ. ನಿಶಾಂತ್ ಕೋಣೆಯ ಬಾಗಿಲು ಹಾಕಿಕೊಂಡ. ಎರಡು ದಿನ ಆ ಮನೆಯಲ್ಲಿ ನಾನು ಕರೆಯದೆ ಬಂದ ನೆಂಟಳಂತೆ ಉಂಡೆ.

ಹೊರಡುವ ದಿನ ಬೆಳಿಗ್ಗೆ ಶೈಲ ನೀರುದೋಸೆ ಹೊಯ್ಯುತ್ತಿದ್ದಳು. ಅಡುಗೆಮನೆಯಲ್ಲಿ ನಾವಿಬ್ಬರೇ.

"ನಿನಗೆ ಗೊತ್ತಿತ್ತು," ಎಂದೆ. "ಕ್ರಾಂಪ್ ಅಂತ ಅವನು ಹೇಳಿದ್ದನ್ನು ನೀನು ನಂಬಲಿಲ್ಲ."

ಅವಳು ದೋಸೆ ಮಡಚಿ ತಟ್ಟೆಗೆ ಹಾಕಿದಳು. "ರಾತ್ರಿ ಮಗ್ಗುಲು ಬದಲಿಸುವಾಗ ಮುಲುಗ್ತಿದ್ದ. ನನಗೆ ಗೊತ್ತಾಗದೆ ಇರ್ತದಾ? ನಾನು ಹೇಳಿದ್ರೆ ಅವನು ನನ್ನ ಹತ್ರ ಜನ್ಮದಲ್ಲಿ ಮಾತಾಡ್ಲಿಕ್ಕಿಲ್ಲ ಅಂತ ಹೆದರಿಕೆ ಆಯ್ತು ಅಕ್ಕ. ಅದಕ್ಕೇ ನಿನ್ನನ್ನು ಕರೆಸಿದ್ದು. ಅದಕ್ಕೇ ಎಣ್ಣೆ ತರ್ಲಿಕ್ಕೆ ಹೇಳಿದ್ದು, ಎರಡು ಬಾಟಲಿ. ನೀನು ಬಿಡುವವಳಲ್ಲ ಅಂತ ಗೊತ್ತಿತ್ತು."

"ನಾನು ಬೇಗ ಕಂಡುಹಿಡಿಯದೆ ಇದ್ದಿದ್ರೆ?"

"ಅದೇ ಹೆದರಿಕೆಯಲ್ಲಿ ಸೊಹಾರ್ ತನಕ ಬಂದೆ."

ಸಿಟ್ಟು ಬಂತು. ಎಲ್ಲರನ್ನೂ ಸಂಶಯಿಸಿದ ನಾನು, ನನಗೆ ಟಿಕೆಟ್ ಕಳಿಸಿದವಳನ್ನು ಮಾತ್ರ ಬಿಟ್ಟಿದ್ದೆ. ಬಯ್ಯಬೇಕೆಂದು ಬಾಯಿ ತೆರೆದೆ. ಅವಳು ಸೆರಗಿನಲ್ಲಿ ಮುಖ ಒರೆಸಿಕೊಳ್ಳುವುದನ್ನು ನೋಡಿ, ದೋಸೆ ತಿಂದೆ.

ವಿಮಾನ ನಿಲ್ದಾಣಕ್ಕೆ ನಿಶಾಂತ್ ಬರುತ್ತಾನೆಂದು ನಾನು ನೆನೆಸಿರಲಿಲ್ಲ. ಬಂದ. ನನ್ನ ಕೈಚೀಲವನ್ನು ಬೇಕೆಂದೇ ಬಲಹೆಗಲಿಗೆ ಹಾಕಿಕೊಂಡು ಒಳಬಾಗಿಲ ತನಕ ಹೊತ್ತ. ಅಲ್ಲಿ ಅದನ್ನು ನನಗೆ ಕೊಟ್ಟು, ಆ ಶುಕ್ರವಾರದ ಮೇಲೆ ಮೊದಲ ಸಲ ಮಾತಾಡಿದ.

"ಅಮ್ಮ ಆಗಿದ್ರೆ ಹೀಗೆ ಮಾಡ್ತಿರ್ಲಿಲ್ಲ."

ಎರಡು ಮಾರು ದೂರದಲ್ಲಿ ಶೈಲ ನೆಲ ನೋಡುತ್ತಾ ನಿಂತಿದ್ದಳು.

"ಹೌದು ಮಗ," ಎಂದೆ. "ಅಮ್ಮ ಮಾಡ್ತಿರ್ಲಿಲ್ಲ."

ಪಾಸ್‌ಪೋರ್ಟ್ ತೋರಿಸಿ ಒಳಗೆ ಹೋಗಿ ತಿರುಗಿ ನೋಡಿದೆ. ಶೈಲ ಅವನ ಬಲಗೈಯ ಮೊಣಕೈ ಕೆಳಗೆ ತನ್ನ ಅಂಗೈ ಇಟ್ಟಿದ್ದಳು. ಅವನು ಕೊಸರಿಕೊಳ್ಳಲಿಲ್ಲ. ಕೈಯ ಭಾರವನ್ನೆಲ್ಲ ಅವಳ ಮೇಲೆ ಬಿಟ್ಟು ನಡೆಯುತ್ತಿದ್ದ.