ಅತ್ತೆಯನ್ನು ಎಬ್ಬಿಸುವ ಕುರ್ಚಿ

ಆಸ್ಪತ್ರೆಯ ಮಂಚಗಳನ್ನು ರಿಪೇರಿ ಮಾಡುತ್ತಿದ್ದ ಆ ಹೆಂಗಸಿಗೂ ಅವಳ ಅತ್ತೆಗೂ ಮದುವೆಯಾದ ವಾರದಿಂದಲೇ ಹಾವು-ಮುಂಗುಸಿ. ಹತ್ತೊಂಬತ್ತು ವರ್ಷ ಒಂದೇ ಸೂರಿನಡಿ ಇದ್ದರೂ ಮುಖ ಕೊಟ್ಟು ಮಾತಾಡಿದ್ದು ಕಡಿಮೆ. ಸೊಸೆಯ ಉಗುರಿನ ಗ್ರೀಸ್ ಕಂಡರೆ ಅತ್ತೆ ಮೂಗು ಮುರಿಯುತ್ತಿದ್ದರು. ಗಂಡಸರ ಕೆಲಸ ಮಾಡಿ ಮನೆಯ ಮರ್ಯಾದೆ ಕಳೆದಳೆಂದು ಬಂದವರೆದುರೆಲ್ಲ ಹೇಳುತ್ತಿದ್ದರು. ಸೊಸೆಯೂ ಸುಮ್ಮನಿರುವವಳಲ್ಲ, ಅತ್ತೆಯ ಕೋಣೆಯ ಬಾಗಿಲನ್ನು ಬೇಕೆಂದೇ ಧಡಾರನೆ ಹಾಕುತ್ತಿದ್ದಳು.

ಅತ್ತೆಗೆ ಮಂಡಿ ಕೈಕೊಟ್ಟ ಮೇಲೆ ಇದು ಇನ್ನೂ ಕೆಟ್ಟಿತು. ಕುರ್ಚಿಯಿಂದೇಳಲು ಯಾರಾದರೂ ಹಿಡಿಯಬೇಕು. ಮಗ ಬಸ್ ಡ್ರೈವರ್, ಸಂಜೆಯವರೆಗೆ ಬಾರ. ಸೊಸೆಯ ಕೆಲಸ ಮನೆಯ ಹಿಂದಿನ ಶೆಡ್ಡಿನಲ್ಲೇ ಆದ್ದರಿಂದ ದಿನಕ್ಕೆ ಎಂಟು ಸಲ ಕರೆ. ಎಬ್ಬಿಸುವಾಗ ಅತ್ತೆ ಬೈಯುವರು. ಸೊಸೆ ಹಲ್ಲು ಕಚ್ಚಿಕೊಂಡು ಬೇಕಾದ್ದಕ್ಕಿಂತ ಜೋರಾಗಿ ಎಳೆಯುವಳು. ಒಂದು ಮಧ್ಯಾಹ್ನ ಅತ್ತೆಯ ಮಣಿಕಟ್ಟಿನ ಮೇಲೆ ತನ್ನ ಬೆರಳುಗಳ ಗುರುತು ಕಂದಿ ಮೂಡಿದ್ದನ್ನು ಕಂಡಾಗ ಅವಳಿಗೇ ಭಯವಾಯಿತು.

ಆ ವಾರವೇ ಒಂದು ಸಣ್ಣ ಆಕ್ಚುಯೇಟರ್ ತಂದಳು. ಗುಂಡಿ ಒತ್ತಿದರೆ ಮೋಟಾರು ತಿರುಗಿ, ಕೊಳವೆಯೊಳಗಿನ ಸರಳು ನೇರವಾಗಿ ಹೊರಗೆ ಚಾಚುತ್ತದೆ. ಇನ್ನೊಂದು ಗುಂಡಿಗೆ ಒಳಸೇರುತ್ತದೆ. ಕುರ್ಚಿಯ ಸೀಟಿಗೆ ಮುಂದುಗಡೆ ಕೀಲು ಹಾಕಿ, ಹಿಂದುಗಡೆಯಿಂದ ಸರಳು ಎತ್ತುವಂತೆ ಜೋಡಿಸಿದಳು. ಅದು ಕಪಾಟಿನ ಬಾಗಿಲಿಗೆ ಸಾಕಾಗುವ ಮೋಟಾರು. ಅತ್ತೆಯ ಭಾರಕ್ಕೆ ಅರ್ಧ ದಾರಿಯಲ್ಲೇ ನಿಂತಿತು. ಓರೆಯಾಗಿ ಸಿಕ್ಕಿಬಿದ್ದ ಅತ್ತೆ, ಸೊಸೆಯ ತವರಿನವರನ್ನೂ ಬಿಡದೆ ಬೈದರು. ಎರಡನೇ ಸಲ ಎರಡು ಮೋಟಾರು ಹಾಕಿದಳು. ಒಂದು ಬೇಗ, ಇನ್ನೊಂದು ನಿಧಾನವಾಗಿ ಓಡಿ, ಸೀಟು ತಿರುಚಿ ಕೀಲಿನ ತಿರುಪುಗಳೇ ಕಿತ್ತುಬಂದವು. ಕೊನೆಗೆ ಗುಜರಿಗೆ ಹೋಗಬೇಕಿದ್ದ ಆಸ್ಪತ್ರೆ ಮಂಚದ ದಪ್ಪ ಆಕ್ಚುಯೇಟರನ್ನು ಬಿಚ್ಚಿ ಸೀಟಿನ ನಡುಮಧ್ಯೆ ಕೂರಿಸಿದಳು. ಗೊರಗೊರ ಸದ್ದು ಮಾಡುತ್ತ ಅದು ನಿಧಾನವಾಗಿ ಅತ್ತೆಯನ್ನು ಎಬ್ಬಿಸಿ ನಿಲ್ಲಿಸಿತು. ಅತ್ತೆ ಮತ್ತೆ ಕೂತು ಇನ್ನೊಮ್ಮೆ ಗುಂಡಿ ಒತ್ತಿದರು.

ತಿಂಗಳೊಳಗೆ ಎದುರುಮನೆಯಾಕೆ ಕುರ್ಚಿ ನೋಡಲು ಬಂದಳು. ಇದೆಲ್ಲ ತನ್ನ ಮಗನ ತಲೆ ಎಂದು ಅತ್ತೆ ಜಂಬದಿಂದ ಹೇಳುತ್ತಿದ್ದುದು ಅಡುಗೆಮನೆಯಲ್ಲಿದ್ದ ಸೊಸೆಯ ಕಿವಿಗೆ ಬಿತ್ತು. ಅವಳು ಬಂದು, ಗೋಡೆಯ ಪ್ಲಗ್ ಕಿತ್ತು, ವೈರನ್ನು ಸುತ್ತಿ ಕೈಯಲ್ಲಿ ಹಿಡಿದಳು.

"ನಿಮ್ಮ ಮಗ ಮಾಡಿದ್ದಲ್ವಾ ಅತ್ತೆ? ಅವರು ಬರ್ಲಿ, ಎಬ್ಬಿಸ್ತಾರೆ."

ಎದುರುಮನೆಯಾಕೆ ಮೆಲ್ಲಗೆ ಜಾರಿಕೊಳ್ಳಲು ನೋಡಿದಳು. ಸೊಸೆ ಆಕೆಯನ್ನು ಕೂರಿಸಿದಳು. ಅತ್ತೆ ಕುರ್ಚಿಯ ತೋಳು ಒತ್ತಿ ಏಳಲು ಎರಡು ಸಲ ನೋಡಿದರು. ಆಗಲಿಲ್ಲ. ಸೊಸೆ ಕದಲಲಿಲ್ಲ. ತಾನು ಮಾಡುತ್ತಿರುವುದು ಸರಿಯಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೂ ವೈರು ಬಿಡಲು ಮನಸ್ಸು ಬರಲಿಲ್ಲ.

ಕೊನೆಗೆ ಅತ್ತೆ ಗೋಡೆ ನೋಡುತ್ತ ಹೇಳಿದರು. "ಮಾಡಿದ್ದು ಇವಳು. ಸಾಕಾ? ಈಗ ಹಾಕು ಅದನ್ನ."

ಸೊಸೆ ಪ್ಲಗ್ ಹಾಕಿದಳು. ಅವರಿಬ್ಬರೇನೂ ಅಂದಿನಿಂದ ಒಂದಾಗಲಿಲ್ಲ. ಅತ್ತೆ ಇನ್ನೂ ನಾಲ್ಕು ವರ್ಷ ಬದುಕಿದರು. ಯಾರು ಕೇಳಿದರೂ ಅವರದು ಒಂದೇ ಉತ್ತರ: "ಸೊಸೆ ಮಾಡಿದ್ದು. ಸದ್ದು ಜಾಸ್ತಿ."